ಸಂಕ್ರಮಣದ ಶುಭಾಶಯ ಪತ್ರಗಳು

ಧನುರ್ಮಾಸವು ನಡೆದಿದೆ, ಮಕರ ಸಂಕ್ರಮಣಕ್ಕೆ ಇನ್ನು ಬಹಳ ದಿನಗಳು ಉಳಿದಿಲ್ಲ. ಕಳೆದ ಸಂಕ್ರಮಣದಂದು ನಮ್ಮ ಕಚೇರಿಗೆ ಬಂದ ಶುಭಾಶಯಗಳು ಎಣಿಕೆಗೆ ಮೀರಿದ್ದವು. ಅವೆಲ್ಲವೂ ಮೊಬೈಲಿನ ಮೂಲಕ ಬಂದವು. ಒಂದೇ ಕಬ್ಬು, ಒಂದೇ ಗಾಳಿಪಟ, ಒಂದೇ ಎಳ್ಳುಬೆಲ್ಲದ ತಟ್ಟೆಯ ಚಿತ್ರವು ಹತ್ತು ಮಂದಿ ಮಹನೀಯರಿಂದ ಹತ್ತು ಸಲ ಬಂದಿತು. ಟಪಾಲಿನಿಂದ ಬಂದ ಪತ್ರವು ಒಂದೇ ಒಂದು. ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಓದುವ ಬಾಲಕಿಯು ಅದನ್ನು ತಾನೇ ಮಾಡಿ ಕಳಿಸಿದ್ದಳು. ಅಳಿಸುವ ರಬ್ಬರಿನ ತುಂಡನ್ನು ಬ್ಲೇಡಿನಿಂದ ಕೆತ್ತಿ ಒತ್ತಿದ ಕೃಷ್ಣಮೃಗ, ಅದರ ಹಿಂದೆ ನೀರುಬಣ್ಣದ ಕೇಸರಿ ಬಾನು, ಕೆಳಗೆ 'ಸಂಕ್ರಾಂತಿ' ಎಂಬ ಅಕ್ಷರಗಳು. ಠಸೆಯ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಬೇಕೆಂಬುದು ಆಕೆಗೆ ತಿಳಿದಿರಲಿಲ್ಲವಾಗಿ ಅವು ಕನ್ನಡಿಯಲ್ಲಿ ಕಂಡಂತೆ ಬಲದಿಂದ ಎಡಕ್ಕೆ ಮೂಡಿದ್ದವು. ಆಯುಷ್ಯದ ಬಹುಭಾಗವನ್ನು ಖಿಳೆ ಜೋಡಿಸುವದರಲ್ಲಿಯೇ ಕಳೆದ ನಮ್ಮ ಹಿರಿಯ ಕಂಪಾಜಿಟರರೊಬ್ಬರು ಅದನ್ನು ಕ್ಷಣಮಾತ್ರವೂ ತಡವರಿಸದೆ ಓದಿ, "ಇದು ನನಗಾಗಿಯೇ ಬರೆದ ಕಾಗದ" ಎಂದು ನಕ್ಕರು. ಆ ಪತ್ರವು ಇಂದಿಗೂ ನಮ್ಮ ಮೇಜಿನ ಗಾಜಿನ ಕೆಳಗೆ ಇದೆ. ಮೊಬೈಲಿಗೆ ಬಂದವುಗಳಲ್ಲಿ ಒಂದಾದರೂ ಯಾರಿಂದ ಬಂದಿತ್ತೆಂದು ಕೇಳಿದರೆ ನಾವು ಹೇಳಲಾರೆವು.

ಕೈಯಿಂದ ಮಾಡಿದ ಶುಭಾಶಯ ಪತ್ರವು ಹಳೆಯ ಕಾಲದ ಮೋಹವೆಂದೂ, ಬಿಡುವಿದ್ದವರ ವಿನೋದವೆಂದೂ ಕೆಲವರು ಬಗೆಯುತ್ತಾರೆ. ನಮಗೆ ಹಾಗೆ ತೋರುವದಿಲ್ಲ. ಅದು ಶಾಲೆಯಲ್ಲಿ ಕಲಿಸತಕ್ಕ ಒಂದು ವಿದ್ಯೆ. ಅದನ್ನು ಕಲಿಸುವ ತಾಸನ್ನೇ ನಮ್ಮ ಶಾಲೆಗಳು ಇಂದು ಬಿಟ್ಟುಕೊಡುತ್ತಿರುವವು ಎಂಬುದೇ ನಮ್ಮ ದೂರು.

ಹಬ್ಬದ ದಿನ ಒಂದು ವಸ್ತುವನ್ನು ಕೈಯಿಂದ ಕೈಗೆ ಕೊಟ್ಟು ಒಳ್ಳೆಯದನ್ನು ಹಾರೈಸುವದು ನಮಗೆ ಹೊರಗಿನವರು ಕಲಿಸಿದ ಪಾಠವಲ್ಲ. ವಿಜಯದಶಮಿಯಂದು ಬನ್ನಿಯ ಎಲೆಯನ್ನು ಬಂಗಾರವೆಂದು ಕೊಡುವೆವು. ಸಂಕ್ರಮಣದಂದು ಕುಸುರೆಳ್ಳನ್ನು ಕೊಟ್ಟು ಒಳ್ಳೆಯ ಮಾತಾಡೋಣವೆನ್ನುವೆವು. ದೂರದ ಊರಲ್ಲಿದ್ದವರಿಗೆ ಇದನ್ನು ತಲುಪಿಸುವದು ಹೇಗೆ? ಹಿಂದುಸ್ಥಾನದಲ್ಲಿ ೧೮೭೯ರ ಜುಲೈ ತಿಂಗಳಿನಲ್ಲಿ ಕಾಲಾಣೆಯ ಟಪಾಲು ಕಾರ್ಡು ಬಂದಿತು. ಅಂದಿನಿಂದ ಬಡವನ ಹಾರೈಕೆಗೂ ರೆಕ್ಕೆ ಬಂದವು. ನಮ್ಮ ಬಾಲ್ಯದಲ್ಲಿ ಲಕೋಟೆಯೊಳಗೆ ನಾಲ್ಕು ಕುಸುರೆಳ್ಳಿನ ಕಾಳುಗಳನ್ನೂ ಸೇರಿಸಿ ಕಳಿಸುವ ರೂಢಿಯಿತ್ತು. ಟಪಾಲು ಕಚೇರಿಯ ಠಸೆಯ ಪೆಟ್ಟಿಗೆ ಅವು ಪುಡಿಯಾಗಿ, ಅಕ್ಕನ ಮನೆಗೆ ಮುಟ್ಟುವದರೊಳಗೆ ಲಕೋಟೆಯಲ್ಲಿ ಸಕ್ಕರೆಯ ಹುಡಿಯಷ್ಟೇ ಉಳಿದಿರುತ್ತಿತ್ತು. ಆ ಹುಡಿಯನ್ನೂ ನೆಕ್ಕಿದ ಮಕ್ಕಳಿದ್ದರು.

ಅಚ್ಚು ಹಾಕಿದ ಕ್ರಿಸ್‌ಮಸ್ ಶುಭಾಶಯ ಪತ್ರವು ಹುಟ್ಟಿದ್ದು ಲಂಡನ್ ನಗರದಲ್ಲಿ, ೧೮೪೩ರಲ್ಲಿ. ಹೆನ್ರಿ ಕೋಲ್ ಎಂಬ ಸರಕಾರಿ ಅಧಿಕಾರಿಗೆ ಕ್ರಿಸ್‌ಮಸ್ಸಿನ ಪತ್ರಗಳನ್ನೆಲ್ಲ ಬರೆದು ಮುಗಿಸಲು ಪುರಸತ್ತಾಗಲಿಲ್ಲ. ಆತನು ಜಾನ್ ಹಾರ್ಸ್‌ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಯಿಸಿ ಸುಮಾರು ೧೦೦೦ ಪ್ರತಿಗಳನ್ನು ಶಿಲಾಮುದ್ರಣದಿಂದ ತೆಗೆಯಿಸಿದನು. ಉಳಿದವುಗಳನ್ನು ಒಂದು ಶಿಲಿಂಗಿಗೆ ಒಂದರಂತೆ ಮಾರಲಾಯಿತು. ಚಿತ್ರದಲ್ಲಿ ಚಿಕ್ಕ ಮಗುವೂ ಮದ್ಯವನ್ನು ಹೀರುತ್ತಿತ್ತೆಂದು ಅಲ್ಲಿಯ ಪಾನನಿರೋಧಕರು ಕೋಪಿಸಿಕೊಂಡದ್ದೂ ಉಂಟು. ನಮ್ಮ ಗಮನಕ್ಕೆ ಬರಬೇಕಾದ ಸಂಗತಿ ಬೇರೆ: ಅಚ್ಚಾದ ಆ ಪ್ರತಿಗಳಿಗೂ ಬಣ್ಣವನ್ನು ಕೈಯಿಂದಲೇ ತುಂಬಿದ್ದರು. ಅಧಿಕಾರಿಯ ಪುರಸತ್ತಿಲ್ಲದಿಕೆಯಿಂದ ಆರಂಭವಾದ ಪದ್ಧತಿಯು ಇಂದು ಬೆರಳಿನ ಒಂದು ಒತ್ತಿಗೆ ನೂರು ಜನರಿಗೆ ಹೋಗುವ ಚಿತ್ರದಲ್ಲಿ ಬಂದು ನಿಂತಿರುವದು ಆಶ್ಚರ್ಯವಲ್ಲ.

ಈ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. ನಮ್ಮ ಛಾಪಖಾನೆಯು ಅನೇಕ ವರ್ಷ ಡಿಸೆಂಬರ, ಜನವರಿ ತಿಂಗಳುಗಳ ಖರ್ಚನ್ನು ಶುಭಾಶಯ ಪತ್ರಗಳಿಂದಲೇ ಸರಿದೂಗಿಸಿದೆ. ಶಿವಕಾಶಿಯಿಂದ ಸಿದ್ಧವಾದ ಪತ್ರಗಳನ್ನು ಕಟ್ಟುಕಟ್ಟಾಗಿ ತರಿಸಿ, ಒಳಗಿನ ಬಿಳಿಯ ಪುಟದ ಮೇಲೆ ಅರಳೆ ವ್ಯಾಪಾರಿಗಳ, ಮೆಣಸಿನಕಾಯಿ ದಲಾಲರ ಹೆಸರುಗಳನ್ನು ಒತ್ತಿ ಕೊಡುತ್ತಿದ್ದೆವು. ಅವುಗಳ ಮೇಲಿನ ಚಿತ್ರವೇನು? ಹಿಮ ಬಿದ್ದ ಮನೆ, ಸೂಚಿಪರ್ಣದ ಮರ, ಹೊಗೆ ಬರುವ ಚಿಮಣಿ. ಮೇ ತಿಂಗಳಲ್ಲಿ ಡಾಂಬರು ಕರಗುವ ಊರಿನವರು ಅದೇ ಬಿಸಿಲನ್ನು ಉಣ್ಣುವ ಬ್ಯಾಡಗಿಯವರಿಗೆ ಹಿಮವನ್ನು ಕಳಿಸಿದರು. ನಾವು ರೂಪಾಯಿಗಳನ್ನು ಎಣಿಸಿಕೊಂಡೆವು. ಆ ಪತ್ರಗಳು ಅಗ್ಗವಾದಂತೆ ಮನೆಯ ಮಕ್ಕಳು ಬೆಂಡೆಕಾಯಿಯನ್ನು ಕೊಯ್ದು ಶಾಯಿಯಲ್ಲಿ ಅದ್ದಿ ಹೂವು ಒತ್ತುವದನ್ನು ಬಿಟ್ಟರು. ಮೊಬೈಲು ಬಂದು ಅಚ್ಚಿನ ಪತ್ರವನ್ನು ಕೊಂದಿತೆಂದು ಇಂದು ದೂರುವ ಮುದ್ರಕ ಬಂಧುಗಳು, ಅದಕ್ಕೂ ಮೊದಲು ಕೈಯ ಪತ್ರವನ್ನು ಕೊಂದವರು ಯಾರೆಂಬುದನ್ನು ನೆನೆಯಬೇಕು.

ಇದನ್ನು ವಿದ್ಯೆಯೆಂದು ಕರೆದೆವಷ್ಟೆ. ಹೇಗೆಂಬುದನ್ನು ಹೇಳುವೆವು. ನೀರುಬಣ್ಣವೆಂದರೆ ಬಣ್ಣದ ಹುಡಿ ಮತ್ತು ಅಂಟು. ನಮ್ಮ ಎರೆಭೂಮಿಯ ಜಾಲಿಯ ಅಂಟಿನ ದಾಯಾದಿಯೇ ಅದರಲ್ಲಿರುವದು. ಅದು ಪಾರದರ್ಶಕವಾದ ಬಣ್ಣ. ಎಣ್ಣೆಬಣ್ಣದಂತೆ ಮೇಲೆ ಬಿಳಿಯನ್ನು ಬಳಿದು ತಪ್ಪನ್ನು ಮುಚ್ಚಲಿಕ್ಕೆ ಬರುವದಿಲ್ಲ. ಕಾಗದದ ಬಿಳುಪನ್ನೇ ಎಲ್ಲಿ ಉಳಿಸಬೇಕೆಂದು ಮೊದಲೇ ಯೋಚಿಸಿ ತಿಳಿಯಿಂದ ಗಾಢಕ್ಕೆ ಹೋಗಬೇಕು. ಕುಂಚ ಹಿಡಿಯುವ ಮುನ್ನ ವಿಚಾರಿಸುವ ಅಭ್ಯಾಸವು ಹುಡುಗನಿಗೆ ಇದರಿಂದ ಬರುವದು. ತೆಳು ಕಾಗದವು ನೀರು ಬಿದ್ದೊಡನೆ ಹಪ್ಪಳದಂತೆ ಸೊಟ್ಟಗಾಗುವದು; ಚದರ ಮೀಟರಿಗೆ ೩೦೦ ಗ್ರಾಮು ತೂಗುವ ಅರಳೆಯ ಕಾಗದವು ತಡೆಯುವದು. ಅಷ್ಟು ಬೆಲೆಯ ಕಾಗದ ಸಿಗದಿದ್ದರೆ ಸಾಮಾನ್ಯ ಡ್ರಾಯಿಂಗ್ ಹಾಳೆಯ ನಾಲ್ಕೂ ಅಂಚುಗಳನ್ನು ಹಲಗೆಗೆ ಅಂಟಿಸಿ ಒಣಗುವ ತನಕ ಬಿಚ್ಚದಿದ್ದರೂ ಕೆಲಸ ಸಾಗುವದು. ಬಣ್ಣ ಹಸಿಯಾಗಿರುವಾಗ ಹರಳುಪ್ಪನ್ನು ಉದುರಿಸಿದರೆ ಉಪ್ಪು ನೀರನ್ನು ಹೀರಿ ನಕ್ಷತ್ರಗಳಂತಹ ಗುರುತುಗಳನ್ನು ಬಿಡುವದು. ಮೇಣಬತ್ತಿಯಿಂದ ಮೊದಲು ಗೆರೆ ಎಳೆದರೆ ಬಣ್ಣವು ಅಲ್ಲಿ ಹತ್ತುವದಿಲ್ಲ, ಬಿಳಿಯ ಗೆರೆ ತಾನಾಗಿ ಮೂಡುವದು. ಬೇವಿನ ಎಲೆಯನ್ನಿಟ್ಟು ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ಶಾಯಿಯನ್ನು ಸಿಂಪಡಿಸಿ ಎಲೆಯನ್ನೆತ್ತಿದಾಗ ಅದರ ಬಿಳಿಯ ಆಕಾರವನ್ನು ಕಂಡು ಹಿಗ್ಗದ ಮಗುವನ್ನು ನಾವು ಕಂಡಿಲ್ಲ.

ಠಸೆಯ ಶಾಯಿಯಲ್ಲಿಯೂ ಭೇದವಿದೆ. ಕಚೇರಿಗಳಲ್ಲಿ ಬಳಸುವ ನೇರಳೆ ಶಾಯಿಯು ನೀರಿನಲ್ಲಿ ಕರಗುವಂಥದು. ಅದರಿಂದ ಒತ್ತಿದ ಚಿತ್ರದ ಮೇಲೆ ನೀರುಬಣ್ಣವನ್ನೆಳೆದರೆ ಕೃಷ್ಣಮೃಗವು ಕೆಸರಿನ ಗುಡ್ಡೆಯಾಗುವದು. ನೀರಿಗೆ ಕದಲದ ಶಾಯಿಯಿಂದ ಮೊದಲು ಒತ್ತಿ, ಚೆನ್ನಾಗಿ ಒಣಗಿಸಿ, ಆಮೇಲೆ ಬಣ್ಣ ತುಂಬಬೇಕು; ಅಂಥ ಶಾಯಿ ಇಲ್ಲದಿದ್ದರೆ ಬಣ್ಣವನ್ನು ಮೊದಲು ಒಣಗಿಸಿ ಠಸೆಯನ್ನು ಕೊನೆಗೆ ಒತ್ತಬೇಕು. ಕೆಂಪಿಗಾಗಿ ಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿಯನ್ನು ನೀರಿನಲ್ಲಿ ನೆನೆಯಿಟ್ಟು ಬಣ್ಣ ಮಾಡಲು ಹೋಗಿ ಬಾಲ್ಯದಲ್ಲಿ ನಾವು ಕಣ್ಣುರಿಯನ್ನಷ್ಟೇ ಸಂಪಾದಿಸಿದ್ದೆವು. ಅದರ ಬಣ್ಣವು ಎಣ್ಣೆಯಲ್ಲಿ ಕರಗುವದೇ ಹೊರತು ನೀರಿನಲ್ಲಿ ಅಲ್ಲವೆಂದೂ, ಆ ಕಾರಣದಿಂದಲೇ ಕಾರಖಾನೆಗಳಲ್ಲಿ ಅದನ್ನು ಎಣ್ಣೆಸಾರವಾಗಿ ತೆಗೆಯುವರೆಂದೂ ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ೨೦೧೧ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಆ ಕಾಯಿಯ ಗುಣವನ್ನು ಬ್ಯಾಡಗಿಯ ಮಗುವಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠವಿದೆಯೆ? ಅರಿಸಿನದ ನೀರಿಗೆ ಸುಣ್ಣ ತಾಕಿದಾಗ ಕೆಂಪಾಗುವದೂ ಇಂಥ ಪಾಠವೇ.

ಶಾಯಿ, ಬಣ್ಣಗಳಿಗಾಗಿ ನಾವು ಪರರ ಬಾಗಿಲಿಗೆ ಹೋಗಬೇಕಾಗಿಯೂ ಇಲ್ಲ. ಮುಂಬಯಿಯ ಕ್ಯಾಮ್ಲಿನ್ ಸಂಸ್ಥೆಯು ೧೯೩೧ರಲ್ಲಿ ಶಾಯಿಯ ಪುಡಿಯಿಂದಲೇ ಆರಂಭವಾಯಿತು. ೧೯೩೭ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರಖಾನೆಯು ೧೯೬೨ರ ಚುನಾವಣೆಯಿಂದ ಈಚೆಗೆ ಇಡೀ ದೇಶದ ಮತದಾರರ ಬೆರಳಿಗೆ ಅಳಿಸದ ಶಾಯಿಯನ್ನು ಒದಗಿಸುತ್ತ ಬಂದಿದೆ. ಸಿದ್ಧ ಠಸೆಗಳ ಪೆಟ್ಟಿಗೆಗಳು ವಿದೇಶದಿಂದ ಬರುವವು. ಅವುಗಳಲ್ಲಿ ಮತ್ತೆ ಅದೇ ಹಿಮ, ಅದೇ ಸೂಚಿಪರ್ಣದ ಮರ. ಕೈಯ ಕೆಲಸವೆಂಬ ಹೆಸರಿನಲ್ಲಿ ಅವನ್ನು ಕೊಳ್ಳುವದಕ್ಕಿಂತ ಬಟಾಟಿಯ ಹೋಳೇ ಮೇಲು. ರಾಣೆಬೆನ್ನೂರಿನ ಕೃಷ್ಣಮೃಗಧಾಮವು ೧೯೭೪ರಿಂದ ಇದೆ; ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ಇದೆ; ಹಾವೇರಿಯ ಏಲಕ್ಕಿ ಹಾರವಿದೆ, ಒಡೆದ ಅರಳೆಕಾಯಿ ಇದೆ. ಕೆತ್ತಲು ವಸ್ತುವಿಗೇನು ಬರಗಾಲ?

ಆದರೆ ಕಲಿಸುವವರು ಬೇಕು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಚಿತ್ರಕಲಾಶಾಲೆಗಳನ್ನು ಕಟ್ಟಿ ಈ ಸೀಮೆಯ ಹುಡುಗರ ಕೈಗೆ ಕುಂಚವನ್ನು ಕೊಟ್ಟರು. ಅವರ ಶಿಷ್ಯರು ನಮ್ಮ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರಾದರು. ಆ ಮಾಸ್ತರರು ನಿವೃತ್ತರಾದ ಅನೇಕ ಶಾಲೆಗಳಲ್ಲಿ ಇಂದು ವೇಳಾಪತ್ರಿಕೆಯಲ್ಲಿ ಮಾತ್ರ ಚಿತ್ರಕಲೆಯಿದೆ. ಆ ತಾಸು ಗಣಿತದ ಪಾಲಾಗುವದು. ಗಣಿತವು ಬೇಡವೆಂದು ಯಾರೂ ಅನ್ನುವದಿಲ್ಲ. ಆದರೆ ಯುನಿಸೆಫ್ ಸಂಸ್ಥೆಯು ೧೯೪೯ರಲ್ಲಿ ಪ್ರಕಟಿಸಿದ ಪ್ರಥಮ ಶುಭಾಶಯ ಪತ್ರದ ಕಥೆಯನ್ನು ನಮ್ಮ ಶಿಕ್ಷಣಾಧಿಕಾರಿಗಳು ಓದಬೇಕು. ಮಹಾಯುದ್ಧದಲ್ಲಿ ಹಾಳಾದ ಚೆಕೊಸ್ಲೊವಾಕಿಯದ ಒಂದು ಹಳ್ಳಿಯಲ್ಲಿ ಜಿಟ್ಕಾ ಎಂಬ ೭ ವರ್ಷದ ಬಾಲಕಿಯು ಕಾಗದವಿಲ್ಲದ್ದರಿಂದ ಗಾಜಿನ ತುಂಡಿನ ಮೇಲೆ ಚಿತ್ರ ಬರೆದಳು. ನೆರವಿಗೆ ಕೃತಜ್ಞತೆಯೆಂದು ಅದನ್ನು ಕಳಿಸಿದವರು ಆಕೆಯ ಶಾಲೆಯ ಶಿಕ್ಷಕರು. ಊಟಕ್ಕೂ ತತ್ವಾರವಿದ್ದ ಆ ಹಳ್ಳಿಯಲ್ಲಿ ಚಿತ್ರದ ತಾಸು ಇತ್ತು. ನಮ್ಮಲ್ಲಿ ಕಾಗದವಿದೆ, ತಾಸು ಇಲ್ಲ!

ಅಧಿಕಾರಿವರ್ಗಕ್ಕೆ ಇನ್ನೊಂದು ಮಾತು. ೨೦೨೦ರ ಸೆಪ್ಟೆಂಬರದಲ್ಲಿ ಕೇಂದ್ರದ ಅರ್ಥಖಾತೆಯು ಸರಕಾರದ ಖಾತೆಗಳೂ ಉದ್ಯಮಗಳೂ ಪಂಚಾಂಗ, ಡೈರಿ, ಶುಭಾಶಯ ಪತ್ರಗಳನ್ನು ಅಚ್ಚು ಹಾಕಿಸಕೂಡದೆಂದು ಅಪ್ಪಣೆ ಮಾಡಿತು. ಅದನ್ನು ನಾವು ಸ್ವಾಗತಿಸುವೆವು. ಜವಾನನು ವಿಳಾಸ ಬರೆದು, ಗುಮಾಸ್ತನು ಸಹಿಯ ಠಸೆ ಒತ್ತಿ ಕಳಿಸುತ್ತಿದ್ದ ಆ ಪತ್ರಗಳಿಂದ ಯಾರ ಮನಸ್ಸೂ ತಣಿದಿರಲಿಲ್ಲ. ಆದರೆ ಸಾಹೇಬರು ತಮ್ಮ ಹಣದ ಕಾಗದದ ಮೇಲೆ ತಮ್ಮ ಕೈಯಿಂದ ಒಂದು ಕಬ್ಬಿನ ಗರಿಯನ್ನೆಳೆದು ತಮ್ಮ ಹಳೆಯ ಮಾಸ್ತರರಿಗೆ ಕಳಿಸುವದನ್ನು ಯಾವ ಅಪ್ಪಣೆಯೂ ತಡೆದಿಲ್ಲ.

ಟಪಾಲಿನ ವಿಷಯವೂ ಚಿಂತಿಸತಕ್ಕದ್ದು. ಡೆನ್ಮಾರ್ಕಿನಲ್ಲಿ ಸರಕಾರಿ ಒಡೆತನದ ಟಪಾಲು ಸಂಸ್ಥೆಯು ನಾಲ್ಕು ನೂರು ವರ್ಷಗಳ ಬಟವಾಡೆಯನ್ನು ೨೦೨೫ರ ಕೊನೆಗೆ ನಿಲ್ಲಿಸಿಬಿಟ್ಟಿತು. ಬೀದಿಯ ಕೆಂಪು ಪೆಟ್ಟಿಗೆಗಳನ್ನು ಕಿತ್ತು ಮಾರಿದರು. ಜನರು ಪತ್ರ ಬರೆಯುವದನ್ನು ಬಿಟ್ಟರು, ಪೆಟ್ಟಿಗೆ ಹೋಯಿತು. ನಮ್ಮ ಪೇಟೆಯ ಪೆಟ್ಟಿಗೆಯು ಇನ್ನೂ ಇದೆ. ಅದರ ಬಾಯಲ್ಲಿ ಜೇಡ ಬಲೆ ಕಟ್ಟಿದರೆ ಆ ಕೆಲಸ ನಮ್ಮದು, ಟಪಾಲು ಖಾತೆಯದಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಮುಖ್ಯಾಧ್ಯಾಪಕರಲ್ಲಿ ನಮ್ಮ ವಿನಂತಿಯಿದು: ಸಂಕ್ರಮಣಕ್ಕೆ ಮುಂಚಿನ ಒಂದು ವಾರ ಚಿತ್ರದ ತಾಸನ್ನು ಚಿತ್ರಕ್ಕೇ ಬಿಡಿರಿ. ನಮ್ಮ ಛಾಪಖಾನೆಯಲ್ಲಿ ಕತ್ತರಿಸಿ ಉಳಿದ ದಪ್ಪ ಕಾಗದದ ಪಟ್ಟಿಗಳು ರಾಶಿಯಾಗಿ ಬಿದ್ದಿವೆ. ಯಾವ ಶಾಲೆಯವರು ಬಂದರೂ ಬೆಲೆಯಿಲ್ಲದೆ ಕೊಡುವೆವು, ಹಳೆಯ ಪಾಪಕ್ಕೆ ಅಷ್ಟಾದರೂ ಪ್ರಾಯಶ್ಚಿತ್ತ. ಅಕ್ಷರಗಳನ್ನು ತಿರುವಿ ಕೆತ್ತುವದನ್ನು ತೋರಿಸಲು ನಮ್ಮ ಹಿರಿಯ ಕಂಪಾಜಿಟರರು ಶನಿವಾರಗಳಂದು ಮಧ್ಯಾಹ್ನ ಸಿದ್ಧರಿದ್ದಾರೆ. ಜನವರಿ ೭ನೆಯ ತಾರೀಖಿನೊಳಗೆ ಪೆಟ್ಟಿಗೆಗೆ ಹಾಕಿದರೆ ಪತ್ರಗಳು ಹಬ್ಬಕ್ಕೆ ಸರಿಯಾಗಿ ಮುಟ್ಟಿಯಾವು. ಕುಸುರೆಳ್ಳನ್ನು ಲಕೋಟೆಯಲ್ಲಿ ಹಾಕುವವರು ಅದನ್ನು ಚೀಟಿಯ ನಾಲ್ಕು ಮಡಿಕೆಯೊಳಗಿಟ್ಟು, ಟಿಕೀಟು ಹಚ್ಚಿದ ಮೂಲೆಯಿಂದ ದೂರ ಇಡಬೇಕು.