ಟೇಬಲ್ ಸಾ ತಗೊಳೂದಾದ್ರ ಸರಿಯಾದ್ದು ತಗೋರಿ (ಭಾಗ 4)

ಗದಗ-ಬೆಟಗೇರಿ ಇರ್ಲಿ, ಮುಂಡರಗಿ ಇರ್ಲಿ, ಸಣ್ಣ ಬಡಿಗೇರ ಅಂಗಡಿ ಹೊಕ್ರ ಒಂದು ಜುಗಾಡ್ ಕಾಣತೈತಿ. ಪ್ಲೈವುಡ್ ಹಲಗಿ ಕೆಳಗ 4 ಇಂಚಿನ ಮಾರ್ಬಲ್ ಕಟರ್ ಉಲ್ಟಾ ಬಿಗಿದು, ಸ್ವಿಚ್ಚಿಗೆ ಟೇಪ್ ಸುತ್ತಿರ್ತಾರ. ಈಗ ಮನ್ಯಾಗ ಕಟಗಿ ಕೆಲಸ ಶುರು ಮಾಡೋ ನಮ್ಮ ಹುಡುಗ್ರೂ ಅದನ್ನೇ ಮಾಡಾಕತ್ತಾರ. ನನಗಂತೂ ಇದು ಉಳಿತಾಯ ಅನ್ಸೂದಿಲ್ಲ.

ಅದು ಕಲ್ಲು ಕೊಯ್ಯೂ ಮಶಿನ್. ನಿಮಿಷಕ್ಕ ಸುಮಾರು 12,000 ಸುತ್ತು; 10 ಇಂಚಿನ ಟೇಬಲ್ ಸಾ 4,000-5,000 ಅಷ್ಟ. ಆಳ ನೋಡಿದ್ರ ಒಂದೂಕಾಲು ಇಂಚು. ಬಾಗಲ ಚೌಕಟ್ಟಿನ ಸಾಗವಾನಿಗೆ ಎಲ್ಲಿ ಸಾಕಾಗತೈತಿ?

ಮುಖ್ಯ ರೈವಿಂಗ್ ನೈಫ್. ಬ್ಲೇಡಿನ ಹಿಂದ ನಿಂತಿರೂ ಸಣ್ಣ ತಗಡು. ಕೊಯ್ದ ಕಟಗಿ ಮತ್ತ ಕೂಡಿ ಬ್ಲೇಡ್ ಹಿಡ್ಕೊಂಡ್ರ ಹಲಗಿ ಸೀದಾ ನಿಮ್ಮ ಹೊಟ್ಟಿಗೆ ಒದ್ದು ಬರತೈತಿ. ಈ ತಗಡು ಕಟಗಿ ಕೂಡದಂಗ ನೋಡ್ಕೋತೈತಿ. ಜುಗಾಡಿನ್ಯಾಗ ಇದು ಇರೂದಿಲ್ಲ.

ರೊಕ್ಕದ ಮಾತು. ನಾವು ಬಿಕಾಂನವರು: ಧಂದೆಗೆ ತಗೊಂಡ ಮಶಿನರಿಗೆ ಆದಾಯ ತೆರಿಗಿಯಾಗ ವರ್ಷಕ್ಕ 15% ಸವಕಳಿ ತೋರಸಬಹುದು. ಬೆರಳಿಗೆ ಅಂಥಾ ಕಾಲಮ್ಮಿಲ್ಲ. ಬಡಿಗತನವೇ ಕಸುಬಾಗಿದ್ದವರಿಗೆ 2023ರ ಪಿಎಂ ವಿಶ್ವಕರ್ಮದಾಗ 15,000 ರೂಪಾಯಿ ತನಕ ಟೂಲ್‌ಕಿಟ್ ನೆರವು, 5% ಬಡ್ಡಿಗೆ ಮೊದಲ ಕಂತಿನ್ಯಾಗ 1 ಲಕ್ಷ ತನಕ ಸಾಲ ಐತಿ. ಹವ್ಯಾಸಕ್ಕ ಸಿಗೂದಿಲ್ಲ ಮತ್ತ!

ಅಂಗಡ್ಯಾಗ ಬಣ್ಣ ನೋಡಬ್ಯಾಡ್ರಿ. ಫೆನ್ಸ್ ಬಿಗಿದು, ಬ್ಲೇಡಿನ ಮುಂದ ಒಮ್ಮೆ, ಹಿಂದ ಒಮ್ಮೆ ಅಳೀರಿ. ಎರಡೂ ಅಳತಿ ಕೂಡ್ಲಿಲ್ಲಂದ್ರ, "ಅಣ್ಣಾ, ಬ್ಯಾರೆ ಮಶಿನ್ ತೋರಸ್ರಿ" ಅನ್ರಿ.