ಒಮ್ಮೆ ಹೂಡಿದ ಮಗ್ಗ

ನವಲಗುಂದದಲ್ಲಿ ಜಮಖಾನ ನೇಯುವ ತಾಯಂದಿರು ನವಿಲಿಗೊಂದು, ಪಗಡೆಯ ಚಿತ್ರಕ್ಕೊಂದು ಎಂದು ಬೇರೆ ಬೇರೆ ಮಗ್ಗ ಹೂಡುವುದಿಲ್ಲ. ಮಗ್ಗ ಒಂದೇ, ಚಿತ್ತಾರ ಮಾತ್ರ ಬೇರೆ. ನಮ್ಮ ಪ್ರಯೋಗಶಾಲೆಗಳು ಈ ವಿವೇಕವನ್ನು ಕಲಿಯಬೇಕಾಗಿದೆ.

ನಮ್ಮಲ್ಲಿ ವಿಕಿರಣವನ್ನು ಎಣಿಸುವ ಉಪಕರಣವೊಂದು ಕಪಾಟು ಸೇರಿದೆ. ಅದರ ಗೈಗರ್ ನಳಿಗೆ ಸುಸ್ಥಿತಿಯಲ್ಲಿದೆ. ಕೆಟ್ಟಿರುವುದು ಗಣಕಯಂತ್ರದೊಡನೆ ಅದನ್ನು ಮಾತನಾಡಿಸುವ ಫಲಕ ಮಾತ್ರ. ಆ ಫಲಕದ ಒಳಗುಟ್ಟು ನಮಗೆ ತಿಳಿಯದು. ಆದುದರಿಂದ ದುರಸ್ತಿಯೂ ಸಾಧ್ಯವಿಲ್ಲ.

1996ರಲ್ಲಿ ಬಂದ ಯು.ಎಸ್.ಬಿ. ಪದ್ಧತಿಯಾದರೋ ಗುಟ್ಟಲ್ಲ, ಅದರ ನಿಯಮಗಳು ಪ್ರಕಟವಾಗಿವೆ. ಮೂಲರೂಪದಲ್ಲಿ ತಂತಿಗಳು ನಾಲ್ಕು: ಎರಡು ವಿದ್ಯುತ್ತಿಗೆ, ಎರಡು ಸಂದೇಶಕ್ಕೆ. ಗಣಕಯಂತ್ರ ಕೇಳಿದಾಗ ಉಪಕರಣವು ತನ್ನ ಪರಿಚಯ ಹೇಳಬೇಕು. ಆರು ಒಂದುಗಳು ಸಾಲಾಗಿ ಬಂದೊಡನೆ ಸೊನ್ನೆಯೊಂದನ್ನು ಸೇರಿಸಬೇಕು. ತಪ್ಪನ್ನು ಪತ್ತೆಹಚ್ಚುವ ಅಂಕಿಗಳನ್ನು ಕೊನೆಗೆ ಜೋಡಿಸಬೇಕು. ಈ ಕೆಲಸ ಲೋಲಕಕ್ಕೂ ಒಂದೇ, ಗೈಗರ್ ನಳಿಗೆಗೂ ಒಂದೇ. ಎಫ್.ಪಿ.ಜಿ.ಎ. ಎಂಬ ಚಿಪ್ಪಿನಲ್ಲಿ ತರ್ಕದ್ವಾರಗಳ ಜೋಡಣೆಯನ್ನು ನಾವೇ ಬರೆದು ತುಂಬಬಹುದು. ಸೆಕೆಂಡಿಗೆ 1 ಕೋಟಿ 20 ಲಕ್ಷ ಬಿಟ್ಟುಗಳ ವೇಗ ಸಣ್ಣ ಚಿಪ್ಪಿಗೂ ನಿಲುಕುವಂಥದು.

ಯು.ಎಸ್.ಬಿ. ಅಡಗಿರುವ ಮೈಕ್ರೋಕಂಟ್ರೋಲರು ಇದಕ್ಕಿಂತ ಅಗ್ಗವಲ್ಲವೆ ಎಂದು ನೀವು ಕೇಳಬಹುದು. ನಿಜ; ಒಂದು ಪ್ರಯೋಗಕ್ಕೆ ಅದೇ ಸಾಕು. ಆದರೆ ಆ ಚಿಪ್ಪು ಮಾರುಕಟ್ಟೆಯಿಂದ ಮರೆಯಾದರೆ ಅದರೊಳಗಿನ ಯು.ಎಸ್.ಬಿ.ಯೂ ಮರೆಯಾಗುತ್ತದೆ. ಬರೆದಿಟ್ಟ ತರ್ಕವನ್ನಾದರೋ ಸ್ವಲ್ಪ ತಿದ್ದಿ ಇನ್ನೊಂದು ಚಿಪ್ಪಿಗೆ ಒಯ್ಯಬಹುದು.

ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ವಿದ್ಯಾರ್ಥಿಗಳೆ, ಈ ಮಗ್ಗವನ್ನು ಒಮ್ಮೆ ಹೂಡಿ ಎಲ್ಲರಿಗೂ ತೆರೆದಿಡೋಣ. ಆಗ ಕಪಾಟಿನಲ್ಲಿ ಮಲಗಿರುವ ಉಪಕರಣವನ್ನು ನೀವೇ ಹೊರತೆಗೆದು ಎಣಿಕೆಗೆ ಹಚ್ಚಬಲ್ಲಿರಿ.