ವಾರದ ಕಂತಿನ ಹಿಂದಿನ ಧಣಿಗಳು

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಚೀಲ ಹೊರುವ ಹಮಾಲಿ ಬಂಧುಗಳ ಮನೆಗಳಲ್ಲಿ, ಲಿಂಗಸುಗೂರಿನ ಚಹಾದಂಗಡಿಯವರ ಮನೆಗಳಲ್ಲಿ, ಮಸ್ಕಿಯ ಸಂತೆಯಲ್ಲಿ ಬಳೆ, ಬಟ್ಟೆ, ಕಾಯಿಪಲ್ಲೆ ಮಾರುವವರ ಮನೆಗಳಲ್ಲಿ ವಾರದ ಒಂದು ದಿನ ತನ್ನ ಹೆಸರನ್ನೇ ಕಳೆದುಕೊಂಡಿದೆ. ಅದನ್ನೀಗ ಕಂತಿನ ದಿನವೆಂದೇ ಕರೆಯುತ್ತಾರೆ. ಆ ದಿನ ಓಣಿಯ ಒಂದು ಪಡಸಾಲೆಯಲ್ಲಿ ಹತ್ತಾರು ಹೆಂಗಸರು ಕೂಡಬೇಕು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ತುಂಬುವ ತನಕ ಯಾರೂ ಏಳುವಂತಿಲ್ಲ. ಗಿರಣಿಯಲ್ಲಿ ಕೆಲಸವಿತ್ತೋ ಇಲ್ಲವೋ, ಕಾಲುವೆಗೆ ನೀರು ಬಂತೋ ಇಲ್ಲವೋ, ಕಂತಿಗೆ ಅದರ ಗೊಡವೆಯಿಲ್ಲ.

ಮೋಟಾರ್ ಸೈಕಲ್ ಮೇಲೆ ಬಂದು ರೊಕ್ಕ ಎಣಿಸಿಕೊಳ್ಳುವ ಹುಡುಗನನ್ನು ಎಲ್ಲರೂ ಬೈಯುತ್ತಾರೆ. ನಾವು ಬೈಯುವುದಿಲ್ಲ. ಅವನೂ ನಮ್ಮ ಓಣಿಯ ಮಗನೇ. ಬಿ.ಎ. ಓದಿ, ಬೇರೆ ಕೆಲಸ ಸಿಗದೆ, ಅಲ್ಪ ಸಂಬಳಕ್ಕೆ ಸೇರಿಕೊಂಡವನು. ಸಂಜೆ ಲೆಕ್ಕ ಕಡಿಮೆಯಾದರೆ ಅವನ ನೌಕರಿಯೇ ಹೋದೀತು. ಹಾಗಾದರೆ ಅವನನ್ನು ಓಡಿಸುತ್ತಿರುವವರು ಯಾರು? ಆ ರೊಕ್ಕ ಹುಟ್ಟಿದ್ದೆಲ್ಲಿ, ಹೋಗಿ ಸೇರುವುದೆಲ್ಲಿ? ಇದನ್ನು ತಿಳಿಯದೆ ನಮ್ಮ ಸಿಟ್ಟು ಸರಿಯಾದ ಬಾಗಿಲನ್ನು ಮುಟ್ಟಲಾರದು.

1985ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಪೀಟರ್ ಪೀಟರ್‌ಸನ್ ಮತ್ತು ಸ್ಟೀಫನ್ ಶ್ವಾರ್ಜ್‌ಮನ್ ಎಂಬ ಇಬ್ಬರು 4 ಲಕ್ಷ ಡಾಲರ್ ಹಾಕಿ ಬ್ಲ್ಯಾಕ್‌ಸ್ಟೋನ್ ಎಂಬ ಕಂಪನಿ ತೆರೆದರು. 2023ರ ಜುಲೈ ಹೊತ್ತಿಗೆ ಅದರ ಆಡಳಿತದಲ್ಲಿದ್ದ ಹಣ 1 ಲಕ್ಷ ಕೋಟಿ ಡಾಲರ್ ದಾಟಿತು. ಇಷ್ಟು ಬೆಳೆಯಲು ಅವರು ಬಟ್ಟೆ ನೇಯ್ದರೇ? ಭತ್ತ ಬೆಳೆದರೇ? ಇಲ್ಲ. ಪೆನ್ಷನ್ ನಿಧಿಗಳಿಂದ, ವಿಮಾ ಕಂಪನಿಗಳಿಂದ, ಶ್ರೀಮಂತರಿಂದ ಹಣ ಕೂಡಿಸಿದರು. ಅದರ ಮೇಲೆ ಸಾಲ ಎತ್ತಿದರು. ಕಂಪನಿಗಳನ್ನು ಕೊಂಡರು, ಮಾರಿದರು. ಈ ದಂಧೆಗೆ ಪ್ರೈವೇಟ್ ಇಕ್ವಿಟಿ ಎಂದು ಹೆಸರು. ಇದೇ ದಂಧೆಯ ಕೆ.ಕೆ.ಆರ್. ಕಂಪನಿಯು 1988ರಲ್ಲಿ ಆರ್.ಜೆ.ಆರ್. ನಬಿಸ್ಕೋ ಎಂಬ ಬಿಸ್ಕತ್ತು, ಸಿಗರೇಟು ಕಂಪನಿಯನ್ನು ಸುಮಾರು 2,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಆ ಹಣದ ಬಹುಪಾಲು ಸಾಲದ್ದು. ಸಾಲದ ಹೊರೆ ಬಿದ್ದದ್ದು ಕೊಂಡವರ ಮೇಲಲ್ಲ, ಕೊಳ್ಳಲ್ಪಟ್ಟ ಕಂಪನಿಯ ಮೇಲೆ! ನಮ್ಮ ಅಂಗಡಿಯನ್ನು ಒಬ್ಬನು ಸಾಲ ಮಾಡಿ ಕೊಂಡು, ಆ ಸಾಲವನ್ನು ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ತೀರಿಸಿದರೆ ಹೇಗೋ ಹಾಗೆ.

ಈ ದಂಧೆಯ ರೂಢಿಯ ಕರಾರು ಹೀಗಿದೆ: ಕೂಡಿಸಿದ ಹಣದ ಮೇಲೆ ವರ್ಷಕ್ಕೆ ನೂರಕ್ಕೆ 2ರಷ್ಟು ನಿರ್ವಾಹಕರ ಕೂಲಿ, ಗೊತ್ತುಪಡಿಸಿದ ಮಟ್ಟ ದಾಟಿದ ಲಾಭದಲ್ಲಿ ನೂರಕ್ಕೆ 20 ಪಾಲು. ನಿಧಿಯ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ಅಷ್ಟರೊಳಗೆ ಕಂಪನಿಯನ್ನು ಕೊಂಡು, ಉಬ್ಬಿಸಿ, ಮಾರಿ ಹೊರಬೀಳಬೇಕು. ನಮ್ಮ ರೈತರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಮೂರು ವರ್ಷಕ್ಕೆ ಹೊಲ ಗುತ್ತಿಗೆ ಹಿಡಿದವನು ಬದುವಿನಲ್ಲಿ ಮಾವು ನೆಡುವುದಿಲ್ಲ. ಗೊಬ್ಬರ ಸುರಿದು, ನೆಲ ಹಿಂಡಿ, ಸವುಳು ಬಿಟ್ಟು ಹೋಗುತ್ತಾನೆ.

ಇದು ಪರದೇಶದ ಪುರಾಣವೆಂದು ಯಾರೂ ತಿಳಿಯಬಾರದು. ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ದುಡಿಯುವ ಬೆಂಗಳೂರಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಬಹುಪಾಲನ್ನು ಬ್ಲ್ಯಾಕ್‌ಸ್ಟೋನ್ 2007ರಲ್ಲಿ ಕೊಂಡಿತು. ಹತ್ತು ವರ್ಷಗಳ ಮೇಲೆ, 2017ರಲ್ಲಿ, ನಷ್ಟಕ್ಕೆ ಮಾರಿ ಹೊರಟಿತು. ಕೊಂಡಾಗ ಹೊಲಿಯುವವಳನ್ನು ಯಾರು ಕೇಳಿದರು? ಮಾರಿದಾಗ ಯಾರು ಕೇಳಿದರು?

ಕಾರ್ಖಾನೆಗಳನ್ನು ಕೊಂಡ ಈ ಬಂಡವಾಳ ಬಡವರ ಸಾಲವನ್ನೂ ಬಿಡಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಪರಿಚಿತವಾದ ಗ್ರಾಮೀಣ ಕೂಟ 1999ರಲ್ಲಿ ಬೆಂಗಳೂರಿನ ಒಂದು ಟ್ರಸ್ಟಿನ ಸೇವಾಕಾರ್ಯವಾಗಿ ಹುಟ್ಟಿತ್ತು. 2018ರಲ್ಲಿ ಅದು ಕ್ರೆಡಿಟ್ ಆಕ್ಸೆಸ್ ಗ್ರಾಮೀಣ್ ಎಂಬ ಹೆಸರಿನಲ್ಲಿ ಷೇರುಪೇಟೆ ಏರಿದಾಗ ಬಹುಪಾಲು ಒಡೆತನ ನೆದರ್‌ಲ್ಯಾಂಡ್ಸ್ ದೇಶದ ಕಂಪನಿಯೊಂದರ ಕೈಯಲ್ಲಿತ್ತು. ಹೈದರಾಬಾದಿನ ಸ್ಪಂದನಾಕ್ಕೆ 2017ರಲ್ಲಿ ಕೇದಾರ ಕ್ಯಾಪಿಟಲ್ ಬಂತು. ಫ್ಯೂಷನ್ ಕಂಪನಿಗೆ ವಾರ್ಬರ್ಗ್ ಪಿಂಕಸ್ ಬಂತು. ಸೇವಾಸಂಸ್ಥೆಯಾಗಿ ಆರಂಭವಾಗಿದ್ದ ಎಸ್.ಕೆ.ಎಸ್. ಮೈಕ್ರೋಫೈನಾನ್ಸ್‌ಗೆ ಸೆಕ್ವೋಯಾ ಕ್ಯಾಪಿಟಲ್ ಹಣ ಹಾಕಿತ್ತು; 2010ರ ಆಗಸ್ಟ್‌ನಲ್ಲಿ ಅದರ ಷೇರು ತಲಾ 985 ರೂಪಾಯಿಗೆ ಜನರಿಗೆ ಮಾರಾಟವಾಯಿತು. ಎರಡೇ ತಿಂಗಳಲ್ಲಿ, ಸಾಲಗಾರರ ಆತ್ಮಹತ್ಯೆಯ ಸುದ್ದಿಗಳ ನಡುವೆ, ನೆರೆಯ ಆಂಧ್ರ ಸರಕಾರ ಇಡೀ ಕಿರುಸಾಲ ದಂಧೆಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು.

ಹಟ್ಟಿಯ ಚಿನ್ನದ ಗಣಿ ಇಂದಿಗೂ ಸರಕಾರದ್ದು. ಆದರೆ ಹೆಂಡತಿಯ ತಾಳಿ ಒತ್ತೆ ಇಡುವ ದಂಧೆ ಯಾರದ್ದು? 2025ರ ಮಾರ್ಚ್‌ನಲ್ಲಿ ಅಮೆರಿಕದ ಬೇನ್ ಕ್ಯಾಪಿಟಲ್, ಮಣಪ್ಪುರಂ ಫೈನಾನ್ಸ್‌ನಲ್ಲಿ ಸುಮಾರು 4,385 ಕೋಟಿ ರೂಪಾಯಿ ತೊಡಗಿಸುವ ಒಪ್ಪಂದಕ್ಕೆ ಬಂತು. ನೆಲದಡಿಯಿಂದ ಚಿನ್ನ ಮೇಲೆತ್ತುವವರ ಮನೆಯ ಒಡವೆಯೂ ಈ ಧಣಿಗಳ ಲೆಕ್ಕದ ಪುಸ್ತಕ ಸೇರಬಹುದು.

ಈಗ ಸರಪಳಿಯನ್ನು ಜೋಡಿಸಿ ನೋಡಿರಿ. ನಿಧಿಗೆ ಹೊರಬೀಳುವ ಗಡುವಿದೆ. ಅದಕ್ಕಾಗಿ ಕಂಪನಿಯ ಬೆಲೆ ಏರಬೇಕು. ಬೆಲೆ ಏರಲು ಸಾಲಗಾರರ ಸಂಖ್ಯೆ ಬೆಳೆಯಬೇಕು. ಹೀಗೆ ಒಂದೇ ಮನೆಗೆ ನಾಲ್ಕು ಕಂಪನಿಗಳು ಸಾಲ ತುರುಕುತ್ತವೆ. ಒಂದರ ಕಂತಿಗೆ ಇನ್ನೊಂದರ ಸಾಲ! ಹುಡುಗನ ಮೋಟಾರ್ ಸೈಕಲ್ಲಿನ ವೇಗ ನಿಗದಿಯಾಗುವುದು ಸಿಂಧನೂರಿನಲ್ಲಿ ಅಲ್ಲ, ಆ ದೂರದ ಗಡುವಿನಲ್ಲಿ. ಸಣ್ಣ ವ್ಯಾಪಾರಿ ಬಂಧುಗಳೇ, ಇದು ಗಿರಣಿಯವರ ಕಷ್ಟವೆಂದು ಸುಮ್ಮನಿರಬೇಡಿರಿ. ಕಂತು ಕಟ್ಟಿ ಬರಿಗೈಯಾದವನು ನಿಮ್ಮ ಅಂಗಡಿಯ ಉದ್ರಿಯನ್ನು ಯಾವುದರಿಂದ ತೀರಿಸಿಯಾನು?

“ಈ ಕಂಪನಿಗಳಿಲ್ಲದಿದ್ದರೆ ಬಡವರು ಮೀಟರ್ ಬಡ್ಡಿಯ ಸಾಹುಕಾರನ ಬಾಗಿಲಿಗೆ ಹೋಗಬೇಕಲ್ಲ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಸಾಹುಕಾರನ ಬಡ್ಡಿ ಇನ್ನೂ ಕ್ರೂರವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ 1969ರಲ್ಲಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದು ಏತಕ್ಕೆ? 1976ರಲ್ಲಿ ನಮ್ಮ ಬಳ್ಳಾರಿ, ರಾಯಚೂರು ಸೀಮೆಗಾಗಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ತೆರೆದದ್ದು ಏತಕ್ಕೆ? ಹಮಾಲಿಯ ಹೆಂಡತಿ ಸಾಹುಕಾರನ ಬಾಗಿಲಿಗೆ ಹೋಗದಿರಲೆಂದು ತಾನೆ? ಆ ಬ್ಯಾಂಕಿನ ವಾರಸುದಾರ ಬ್ಯಾಂಕು ಇಂದು ಜಾಮೀನು ಕೇಳಿ ಆಕೆಯನ್ನು ಹಿಂದಕ್ಕೆ ಕಳಿಸುತ್ತದೆ. ಸರಕಾರ ತೆರವು ಮಾಡಿಕೊಟ್ಟ ಜಾಗದಲ್ಲೇ ಧಣಿಗಳು ಗದ್ದುಗೆ ಹಾಕಿದ್ದಾರೆ.

ಕಾನೂನು ಏನು ಮಾಡಿತು? 2011ರ ನಂತರ ಕಿರುಸಾಲ ಕಂಪನಿಗಳ ಬಡ್ಡಿಗಿದ್ದ ಮಿತಿಯನ್ನು ರಿಸರ್ವ್ ಬ್ಯಾಂಕು 2022ರಲ್ಲಿ ಕಿತ್ತುಹಾಕಿತು. ವಿಪರೀತ ಬಡ್ಡಿಯ ಕಾರಣಕ್ಕೆ 2024ರ ಅಕ್ಟೋಬರ್‌ನಲ್ಲಿ ನಾಲ್ಕು ಕಂಪನಿಗಳು ಹೊಸ ಸಾಲ ಕೊಡದಂತೆ ಅದೇ ಬ್ಯಾಂಕು ತಡೆಯಿತು. ಕೆಲವೇ ತಿಂಗಳಲ್ಲಿ ತಡೆ ತೆರವಾಯಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆಮನೆ ಎಂದು ಸುಗ್ರೀವಾಜ್ಞೆ ತಂದಿತು. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಗಳನ್ನು ಅದರಿಂದ ಹೊರಗಿಟ್ಟಿತು. ಇಲಿಗೆ ಬೋನು, ಹೆಗ್ಗಣಕ್ಕೆ ಹೆದ್ದಾರಿ!

ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಕಿರುಸಾಲದ ಬಡ್ಡಿಗೆ ಮತ್ತೆ ಮಿತಿ ಬೀಳಬೇಕು.
2. ಬಲವಂತ ವಸೂಲಿಯ ಕಾನೂನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅನ್ವಯಿಸಬೇಕು.
3. ಕಂಪನಿಯ ನಿಜವಾದ ಒಡೆಯರು ಯಾರೆಂಬುದು ಸಾಲದ ಕಾರ್ಡಿನ ಮೇಲೆ ಕನ್ನಡದಲ್ಲಿ ಅಚ್ಚಾಗಬೇಕು.
4. ಗಿರಣಿ ಕಾರ್ಮಿಕರಿಗೆ, ಸಂತೆ ವ್ಯಾಪಾರಿಗಳಿಗೆ ಗ್ರಾಮೀಣ ಬ್ಯಾಂಕು ಜಾಮೀನಿಲ್ಲದೆ ಸಾಲ ಕೊಡಬೇಕು.

ಅಲ್ಲಿಯವರೆಗೆ ಇರುವ ನಿಯಮವನ್ನಾದರೂ ಬಳಸಿರಿ. ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ನಂತರ ಕಿರುಸಾಲದ ವಸೂಲಿಗೆ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ಬಂಧುಬಳಗದವರನ್ನು ಪೀಡಿಸುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟುವಂತೆ ಹೊಸ ಸಾಲ ಕೊಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನದೇ 2022ರ ಆದೇಶ.

ಕೊನೆಯದಾಗಿ ಒಂದು ಮಾತು. ಧಣಿಗಳು ತಮ್ಮ ಲಾಭಕ್ಕಾಗಿ ನಮ್ಮ ಹೆಣ್ಣುಮಕ್ಕಳಿಗೆ ವಾರಕ್ಕೊಮ್ಮೆ ತಪ್ಪದೆ ಒಂದೆಡೆ ಕೂಡುವುದನ್ನು ಕಲಿಸಿದ್ದಾರೆ. ಒಬ್ಬಳ ಕಷ್ಟಕ್ಕೆ ಹತ್ತು ಮಂದಿ ಹೊಣೆಯೆಂದು ಬರೆಸಿಕೊಂಡಿದ್ದಾರೆ. ಒಬ್ಬಳ ಮೇಲೆ ಉಳಿದವರನ್ನು ಕಾವಲಿಗೆ ನಿಲ್ಲಿಸಲು ಕಟ್ಟಿದ ಆ ಕೂಟ, ಒಬ್ಬಳ ಬೆನ್ನಿಗೆ ಉಳಿದವರು ನಿಲ್ಲುವ ಸಂಘವಾಗಲಿ. ಅದೇ ಪಡಸಾಲೆ, ಅದೇ ಹೊತ್ತು, ಅದೇ ಹೆಂಗಸರು. ಮುಂದಿನ ಕಂತಿನ ದಿನ ಕಂತಿನ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಏಳದೆ ಕುಳಿತು, ನಿಮ್ಮ ಲೆಕ್ಕವನ್ನು ನೀವೇ ಮಾಡಿಕೊಳ್ಳಿರಿ.